ಋತುಮಾನದ ವಿಪತ್ತು ಮತ್ತು ದುಡಿಯುವ ಕುಟುಂಬಗಳ ಸಿದ್ಧತೆ: ಮಂಚೇನಹಳ್ಳಿ ಸೀಮೆ

ವರ್ಷದ ಗೊತ್ತಾದ ಕಾಲದಲ್ಲಿ ಮತ್ತೆ ಮತ್ತೆ ಎದುರಾಗುವ, ಆದರೆ ಯಾವ ದಿನ ಬರುತ್ತದೆಂದು ಮೊದಲೇ ತಿಳಿಯದ ಆಪತ್ತುಗಳು ಋತುಮಾನದ ವಿಪತ್ತುಗಳು. ಬೇಸಿಗೆಯ ಬಿಸಿಲು, ಆಲಿಕಲ್ಲು ಮಳೆ, ಸಿಡಿಲು, ನೀರಿನ ಬರ, ಮಳೆಗಾಲದ ಜ್ವರ, ಹಿಂಗಾರಿನ ನೆರೆ, ಸುಗ್ಗಿಯ ಹೊತ್ತಿನ ಹಾವು ಕಡಿತ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಇವುಗಳಿಗೆ ಸಿದ್ಧವಾಗುವ ಬಗೆಯನ್ನು ಸಾಮಾನ್ಯವಾಗಿ ಮನೆಗೆ ಅಥವಾ ಸರ್ಕಾರಕ್ಕೆ ಸೇರಿದ ವಿಷಯವೆಂದು ವಿವರಿಸಲಾಗುತ್ತದೆ. ದುಡಿಯುವ ಜಾಗ ಮತ್ತು ದುಡಿಸುವವರ ಪಾತ್ರ ಆ ವಿವರಣೆಯಲ್ಲಿ ಕಾಣುವುದು ಕಡಿಮೆ. ದಿನಗೂಲಿಯಿಂದ, ವಾರದ ಬಟವಾಡೆಯಿಂದ, ತಿಂಗಳ ಸಂಬಳದಿಂದ ಬದುಕುವ ಕುಟುಂಬಗಳ ಸಿದ್ಧತೆ ನಿಂತಿರುವುದು ಮಾತ್ರ ಅಲ್ಲಿಯೇ. ಎಚ್ಚರಿಕೆ ಕಿವಿಗೆ ಬಿದ್ದರೂ ಅದನ್ನು ಪಾಲಿಸಿದರೆ ಆ ದಿನದ ಕೂಲಿ ಹೋಗುತ್ತದೆ ಎನ್ನುವವರಿಗೆ ಆ ಎಚ್ಚರಿಕೆ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಸಿದ್ಧತೆಗೆ ತಗಲುವ ಸಮಯವನ್ನೂ ವಿಪತ್ತಿನ ದಿನದ ಕೂಲಿಯನ್ನೂ ದುಡಿಮೆಯ ಖರ್ಚಿನ ಭಾಗವೆಂದೇ ಲೆಕ್ಕ ಹಾಕಬೇಕು. ಚಿಕ್ಕಬಳ್ಳಾಪುರ ಮತ್ತು ಗೌರಿಬಿದನೂರುಗಳ ನಡುವಿನ ಮಂಚೇನಹಳ್ಳಿ ಸೀಮೆಯ ನೆಲ, ಮಳೆ ಮತ್ತು ಕಸುಬುಗಳು ಈ ಮಾತಿಗೆ ಒದಗಿಸುವ ಆಧಾರಗಳನ್ನು ಈ ಲೇಖನ ಪರಿಶೀಲಿಸುತ್ತದೆ.

ನೆಲ ಮತ್ತು ಋತು

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಗೌರಿಬಿದನೂರು ತಾಲ್ಲೂಕಿನ ಭಾಗವಾಗಿದ್ದ ಮಂಚೇನಹಳ್ಳಿ ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಈ ಸೀಮೆಯ ನೀರನ್ನು ಕೂಡಿಸಿಕೊಂಡು ಗೌರಿಬಿದನೂರಿನ ಮೂಲಕ ಆಂಧ್ರಪ್ರದೇಶದತ್ತ ಸಾಗುತ್ತದೆ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಬದುಕು ನಿಂತಿರುವುದು ಕೆರೆಗಳ ಮೇಲೆ ಮತ್ತು ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಮೇಲೆ. ಆ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಮಿತಿ ಮೀರಿದೆ. ಮಳೆಯ ಹೆಚ್ಚು ಪಾಲು ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಮುಂಗಾರು ಕೈಕೊಟ್ಟರೆ ಬರ, ಹಿಂಗಾರು ಒಮ್ಮೆಲೇ ಸುರಿದರೆ ನೆರೆ. ಒಂದೇ ಊರು ಕೆಲವೇ ವರ್ಷಗಳ ಅಂತರದಲ್ಲಿ ಎರಡನ್ನೂ ಕಾಣುತ್ತದೆ. 2021ರ ಆಗಸ್ಟ್‌ನಲ್ಲಿ ನಂದಿಬೆಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದು ಸಂಚಾರ ನಿಂತಿತು. ಅದೇ ವರ್ಷದ ನವೆಂಬರ್‌ನ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದು, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಎರಡು ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು.

ಈ ಆಪತ್ತುಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ನಲ್ಲಿಯಲ್ಲಿ ವಾರಕ್ಕೊಮ್ಮೆಯೋ ಎರಡು ಬಾರಿಯೋ ನೀರು ಬರುವ ಮನೆಯವರು ಡ್ರಮ್ಮು, ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ನಿಂತ, ತಿಳಿಯಾದ ನೀರಿನಲ್ಲಿಯೇ. ಬರಕ್ಕೆಂದು ಮಾಡಿಕೊಂಡ ಸಿದ್ಧತೆ ಹೀಗೆ ಮಳೆಗಾಲದ ಜ್ವರಕ್ಕೆ ಎಡೆಯಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಅದೇ ವರ್ಷ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂಬ ನಿಯಮ ಜಾರಿಗೆ ಬಂತು. ಜ್ವರ ಮನೆಯೊಳಗೆ ಬಂದರೆ, ಹಾವು ಕಡಿಯುವುದು ಬಹುಮಟ್ಟಿಗೆ ಹೊಲದಲ್ಲಿ, ಹುಲ್ಲಿನ ಮೆದೆಯ ಬಳಿ, ಎಂದರೆ ದುಡಿಯುವ ಜಾಗದಲ್ಲಿ. ಮನೆಯ ಸಿದ್ಧತೆಯನ್ನೂ ಕೆಲಸದ ಜಾಗದ ಸಿದ್ಧತೆಯನ್ನೂ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಯೋಜಿಸಲು ಆಗುವುದಿಲ್ಲ ಎಂಬುದಕ್ಕೆ ಇಷ್ಟೇ ಸಾಕು.

ದುಡಿಮೆಯ ಬಗೆ

ಈ ಸೀಮೆಯ ದುಡಿಮೆಯಲ್ಲಿ ನಾಲ್ಕು ಎಳೆಗಳು ಮುಖ್ಯ. ಮೊದಲನೆಯದು ರೇಷ್ಮೆ: ಹಿಪ್ಪುನೇರಳೆ ತೋಟ, ಹುಳು ಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಅದರ ಸುತ್ತಲಿನ ನೂಲು ಬಿಚ್ಚಾಣಿಕೆ ಘಟಕಗಳು. ಎರಡನೆಯದು ಹಾಲು: ಹಳ್ಳಿಹಳ್ಳಿಯ ಡೈರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವ ಮನೆಗಳು. ಮೂರನೆಯದು ತೋಟ: ದ್ರಾಕ್ಷಿ, ಮಾವು, ಹೂವು, ಟೊಮೆಟೊ, ಆಲೂಗಡ್ಡೆಗಳಲ್ಲಿ ಕೂಲಿ ಮಾಡುವವರು. ನಾಲ್ಕನೆಯದು ಕಾರ್ಖಾನೆ ಮತ್ತು ಕಟ್ಟಡ: ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಗಾರ್ಮೆಂಟ್ಸ್‌ಗೆ ವ್ಯಾನು, ಬಸ್ಸುಗಳಲ್ಲಿ ಹೋಗಿಬರುವ ಹೆಣ್ಣುಮಕ್ಕಳು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಗಾರೆಯವರು, ಕಲ್ಲು ಕ್ವಾರಿಗಳ ಕೂಲಿಗಳು. ಎಷ್ಟೋ ಮನೆಗಳಲ್ಲಿ ಈ ನಾಲ್ಕೂ ಎಳೆಗಳು ಹೆಣೆದುಕೊಂಡಿವೆ. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಗಾರ್ಮೆಂಟ್ಸ್‌ಗೆ, ಅತ್ತೆಯ ಹೊಣೆಗೆ ಎರಡು ಹಸು ಮತ್ತು ಮಕ್ಕಳು. ಇಂಥ ಮನೆಯಲ್ಲಿ ಒಂದು ಕೊಂಡಿ ಕಳಚಿದರೆ ಉಳಿದವೂ ಜಗ್ಗುತ್ತವೆ. ಮಳೆಯಿಂದಾಗಿ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸುವ ದಿನ ಕಾರ್ಖಾನೆ ತೆರೆದೇ ಇರುತ್ತದೆ. ಮಕ್ಕಳು ಮನೆಯಲ್ಲಿ, ತಾಯಿ ಹಳ್ಳದ ಆಚೆ. ರಜೆ ಹಾಕಿದರೆ ಆ ದಿನದ ಸಂಬಳದ ಜೊತೆಗೆ ತಿಂಗಳ ಹಾಜರಾತಿ ಭತ್ಯೆಗೂ ಕತ್ತರಿ ಬೀಳಬಹುದು. ಮಕ್ಕಳ ಸುರಕ್ಷತೆ ಮತ್ತು ಮನೆಯ ಊಟ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿಗೆ ಅವಳನ್ನು ತಂದಿಟ್ಟದ್ದು ಮಳೆಯಲ್ಲ, ಕೆಲಸದ ನಿಯಮ.

ಕಸುಬಿನ ಒಳಗೆ ಋತುವಿಗೆ ತಕ್ಕ ಎಚ್ಚರ ಇಲ್ಲವೆಂದಲ್ಲ. ರೇಷ್ಮೆ ಹುಳು ಚೆನ್ನಾಗಿ ಬೆಳೆಯಲು 24ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 70ರಿಂದ 85ರಷ್ಟು ತೇವ ಬೇಕು. ಅದಕ್ಕಾಗಿ ಬೇಸಿಗೆಯಲ್ಲಿ ರೈತರು ಹುಳು ಮನೆಯ ಕಿಟಕಿ ಬಾಗಿಲುಗಳಿಗೆ ನೆನೆಸಿದ ಗೋಣಿತಾಟು ಕಟ್ಟುತ್ತಾರೆ, ಸೂರಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ, ಗೋಡೆಯಲ್ಲಿ ಶಾಖಮಾಪಕ ತೂಗುಹಾಕುತ್ತಾರೆ. ಆ ಹುಳು ಕಟ್ಟಿದ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಶೆಡ್ಡಿನಲ್ಲಿ, ಏಪ್ರಿಲ್ ಮಧ್ಯಾಹ್ನದ ಕಾವಿನ ಜೊತೆಗೆ ಒಲೆಯ ಕಾವು, ಆವಿಯ ಕಾವು ಸೇರುತ್ತವೆ. ಅಲ್ಲಿ ದುಡಿಯುವವರ ಮೈಗೆ ಎಷ್ಟು ಶಾಖ ತಗಲುತ್ತಿದೆ ಎಂದು ಅಳೆಯುವ ರೂಢಿ ಇಲ್ಲ. ಹಸುವಿಗೆ ರಾಸು ವಿಮೆ ಇದೆ. ಮಾವು, ದ್ರಾಕ್ಷಿಯಂಥ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಇದೆ. ಆಲಿಕಲ್ಲು ಬಿದ್ದು ತೋಟ ಹಾಳಾದಾಗ ಬೆಳೆಗಾರನ ನಷ್ಟಕ್ಕೆ ಪಂಚನಾಮೆಯಾಗುತ್ತದೆ. ಮುಂದಿನ ಕೊಯ್ಲಿನವರೆಗೆ ಕೆಲಸವಿಲ್ಲದ ಕೂಲಿಯವರ ನಷ್ಟ ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ. ಋತುವನ್ನು ಅರಿತು ಸಿದ್ಧವಾಗುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ. ಹುಳುವಿಗೆ, ಬೆಳೆಗೆ, ರಾಸಿಗೆ ಸಿಕ್ಕ ಆ ಎಚ್ಚರದ ಪಾಲು ದುಡಿಯುವವರಿಗೂ ಸಿಗಬೇಕಾಗಿದೆ.

ಹಿಂದಿನ ವ್ಯವಸ್ಥೆ

ಸಿದ್ಧತೆಗೆ ಪ್ರತಿಫಲ ಕೊಡಬೇಕೆಂಬ ತಿಳಿವಳಿಕೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮೊದಲಿನಿಂದ ಇತ್ತು. ಕೆರೆಯ ತೂಬು ತೆರೆದು ಮುಚ್ಚುವ, ಮಳೆಗಾಲದಲ್ಲಿ ಏರಿಯ ಮೇಲೆ ಕಣ್ಣಿಡುವ, ಕೋಡಿ ಬೀಳುವ ಮುಂಚೆ ಊರಿಗೆ ಸುದ್ದಿ ಮುಟ್ಟಿಸುವ ನೀರಗಂಟಿಗೆ ಬೆಳೆಯಲ್ಲಿ ಪಾಲು ಸಲ್ಲುತ್ತಿತ್ತು. ಕೆರೆ ಒಡೆಯದ ವರ್ಷವೂ ಆ ಪಾಲು ತಪ್ಪುತ್ತಿರಲಿಲ್ಲ. ಆಪತ್ತು ಬಾರದಂತೆ ಕಾಯುವುದೇ ಒಂದು ಕೆಲಸ, ಅದಕ್ಕೂ ಕೂಲಿ ಉಂಟು ಎಂದು ಊರು ಒಪ್ಪಿಕೊಂಡಿತ್ತು. ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ರೈತರ ಮನೆಯ ವಿಮೆಯಾಗಿತ್ತು. ಆದರೆ ಹಗೇವು ಇದ್ದದ್ದು ನೆಲವಿದ್ದವರಿಗೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸರಿಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತು. ಅಂಥ ಬರದಲ್ಲಿ ಮೊದಲು ಬೀಳುವವರು ಕೂಡಿಟ್ಟ ಕಾಳಿಲ್ಲದ ಕೂಲಿಕಾರರು, ಕೈಕಸುಬಿನವರು. ಬೆಂಗಳೂರು ಮೈಸೂರು ರೈಲುಹಾದಿಯ ಕಾಮಗಾರಿಯನ್ನು ಆಗ ಬರಪರಿಹಾರದ ಕೆಲಸವಾಗಿ ಕೈಗೆತ್ತಿಕೊಳ್ಳಲಾಯಿತು. ಬರದ ಮದ್ದಿನಲ್ಲಿ ಅನ್ನದಷ್ಟೇ ಕೂಲಿಯೂ ಮುಖ್ಯವೆಂಬ ಅರಿವು ಅದರಲ್ಲಿತ್ತು, ಆದರೆ ಅದು ಬಂದದ್ದು ತಡವಾಗಿ.

ಇಂದು ಮುನ್ಸೂಚನೆಗೆ ಕೊರತೆಯಿಲ್ಲ. ಕರ್ನಾಟಕ 1988ರಲ್ಲಿಯೇ ಬರ ಪರಿಶೀಲನಾ ಘಟಕ ಆರಂಭಿಸಿತು. ಅದು ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳತೆ ಕಳುಹಿಸುವ ಮಳೆಮಾಪಕಗಳು, ದಿನದ ಇಪ್ಪತ್ತನಾಲ್ಕು ಗಂಟೆಯೂ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿ, ಸಿಡಿಲಿನ ಮುನ್ನೆಚ್ಚರಿಕೆಯ ‘ಸಿಡಿಲು’ ಆ್ಯಪ್ ಆ ಕೇಂದ್ರದ ಕೊಡುಗೆಗಳು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರವಿದೆ. ಹಳೆಯ ಕಾಲಕ್ಕೂ ಇಂದಿಗೂ ಇರುವ ವ್ಯತ್ಯಾಸ ಸ್ಪಷ್ಟ. ಅಂದು ಕಾಯುವವನಿಗೆ ಕೂಲಿ ಇತ್ತು, ಮುನ್ಸೂಚನೆ ದುರ್ಬಲವಾಗಿತ್ತು. ಇಂದು ಮುನ್ಸೂಚನೆ ಬಲವಾಗಿದೆ, ಅದನ್ನು ನಂಬಿ ಮನೆಯಲ್ಲಿ ಉಳಿದವರಿಗೆ ಕೂಲಿ ಇಲ್ಲ.

ಕಾನೂನು ಮತ್ತು ಅದರ ಮಿತಿ

ಕೆಲಸದ ಜಾಗದಲ್ಲಿ ಋತುವನ್ನು ಲೆಕ್ಕಕ್ಕೆ ಹಿಡಿಯುವ ಪರಿಪಾಠ ಭಾರತದ ಕಾನೂನಿಗೆ ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಬೇಸಿಗೆಯಲ್ಲಿ ತಣ್ಣನೆಯ ಕುಡಿಯುವ ನೀರು ಒದಗಿಸಬೇಕೆಂದಿತು. ಗಾಳಿ, ಶಾಖ, ಪ್ರಥಮ ಚಿಕಿತ್ಸೆ, ಶಿಶುಪಾಲನಾ ಕೊಠಡಿಗಳ ಬಗ್ಗೆಯೂ ನಿಯಮ ರೂಪಿಸಿತು. ಇಂಥ ಹಲವು ಕಾಯ್ದೆಗಳನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಒಗ್ಗೂಡಿಸಲಾಯಿತು. 10 ಅಥವಾ ಹೆಚ್ಚು ನೌಕರರಿರುವ ಕಡೆ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ದೊರೆತ ನೌಕರರ ರಾಜ್ಯ ವಿಮೆಯ (ಇಎಸ್‌ಐ) ರಕ್ಷಣೆ ಅವರ ಕುಟುಂಬದ ಚಿಕಿತ್ಸೆಗೂ ಚಾಚಿತು. 2010ರ ತಿದ್ದುಪಡಿಯ ಬಳಿಕ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಕೆಲಸಕ್ಕೆ ಸಂಬಂಧಪಟ್ಟಂತೆ ಆದ ಅಪಘಾತವೂ ಅದರ ವ್ಯಾಪ್ತಿಗೆ ಬಂತು. ಹಳ್ಳ ದಾಟಿ ಪಾಳಿಗೆ ಹೋಗುವವರಿಗೆ ಇದು ದೊಡ್ಡ ಮಾತು. ಕೆಲಸ ನಿಂತಾಗಿನ ಕೂಲಿಯ ಬಗ್ಗೆಯೂ ಕಾನೂನು ಯೋಚಿಸಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್‌ಗೆ ಅರ್ಧ ವೇತನದ ಪರಿಹಾರವಿತ್ತು, ಲೇ-ಆಫ್‌ನ ಕಾರಣಗಳಲ್ಲಿ ನೈಸರ್ಗಿಕ ವಿಪತ್ತೂ ಒಂದಾಗಿತ್ತು. ಆದರೆ 50ಕ್ಕಿಂತ ಕಡಿಮೆ ಕಾರ್ಮಿಕರ ಘಟಕಗಳನ್ನೂ ಋತುಮಾನದ ಸ್ವರೂಪದ ಉದ್ದಿಮೆಗಳನ್ನೂ ಆ ಪರಿಹಾರದಿಂದ ಹೊರಗಿಟ್ಟಿತ್ತು. ಋತುವಿನ ಹೊಡೆತವನ್ನು ಹೆಚ್ಚಾಗಿ ತಿನ್ನುವವರೇ ಋತುವಿನ ರಕ್ಷಣೆಯಿಂದ ಹೊರಗುಳಿದರು. ಬಿಚ್ಚಾಣಿಕೆ ಘಟಕ, ದ್ರಾಕ್ಷಿ ತೋಟ, ಹೂವಿನ ಮಂಡಿಗಳ ದುಡಿಮೆ ಇರುವುದು ಈ ಗೆರೆಯ ಆಚೆಗೆ.

ಕೂಲಿಯ ಖಾತರಿ ಸಾಧ್ಯವೇ

ಋತುವಿಗೆ ತಕ್ಕಂತೆ ಕೆಲಸವನ್ನು ಹೊಂದಿಸುವುದು ಆಗುವ ಮಾತು ಎಂಬುದಕ್ಕೆ ರಾಜ್ಯದೊಳಗೇ ನಿದರ್ಶನವಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಸೇರಿ ಉತ್ತರ ಕರ್ನಾಟಕದ ಹಲವೆಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇದೆ. ಸಂಬಳಕ್ಕೆ ಅದರಿಂದ ಧಕ್ಕೆಯಿಲ್ಲ. ನೆರಳಿನಲ್ಲಿ ಕೂತು ಕೆಲಸ ಮಾಡುವವರಿಗೆ ಸಲ್ಲುವ ಈ ವಿವೇಕ ಬಿಸಿಲಿನಲ್ಲಿ ಜಲ್ಲಿ ಹೊರುವವರಿಗೂ ಸಲ್ಲಬೇಕು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಡಿ ವರ್ಷಕ್ಕೆ 100 ದಿನಗಳ ಜೊತೆಗೆ ಬರ ಘೋಷಿತ ಪ್ರದೇಶಗಳಲ್ಲಿ ಇನ್ನೂ 50 ದಿನ ಕೆಲಸ ಕೊಡಲು ಅವಕಾಶ ಕಲ್ಪಿಸಲಾಗಿತ್ತು. ಗುಜರಾತಿನ ‘ಸೇವಾ’ ಸಂಘಟನೆ 2023ರಲ್ಲಿ 21,000 ಮಹಿಳಾ ಸದಸ್ಯರಿಗೆ ಬಿಸಿಲಿನ ವಿಮೆ ಆರಂಭಿಸಿತು. ಶಾಖ ಗೊತ್ತುಪಡಿಸಿದ ಮಟ್ಟ ಮೀರಿದರೆ, ನಷ್ಟದ ಅರ್ಜಿ ಕೇಳದೆ ಹಣ ಖಾತೆಗೆ ಸೇರುವುದು ಅದರ ಕ್ರಮ. ಜಪಾನ್ 2025ರ ಜೂನ್ 1ರಿಂದ ಬಿಸಿಲಿನಾಘಾತ ತಡೆಯುವ ಕ್ರಮಗಳನ್ನು ಉದ್ಯೋಗದಾತರಿಗೆ ಕಡ್ಡಾಯ ಮಾಡಿ, ತಪ್ಪಿದರೆ ದಂಡವನ್ನೂ ವಿಧಿಸಿತು. ಮಂಚೇನಹಳ್ಳಿ ಸೀಮೆಗೆ ಇವುಗಳಲ್ಲಿ ಹತ್ತಿರವಾದದ್ದು ವಿಮೆಯ ಮಾದರಿ. ಪಂಚಾಯಿತಿ ಮಟ್ಟದ ಮಳೆಮಾಪಕವನ್ನು ನೆಚ್ಚಿ ಮಾವಿನ ಬೆಳೆಗೆ ಪರಿಹಾರ ಲೆಕ್ಕ ಹಾಕಬಹುದಾದರೆ, ಅದೇ ಅಳತೆಯಿಂದ ಮಾವಿನ ತೋಟದ ಕೂಲಿಯವರ ದಿನದ ನಷ್ಟವನ್ನೂ ಲೆಕ್ಕ ಹಾಕಬಹುದು. ತಾಂತ್ರಿಕವಾಗಿ ಬೇಕಾದುದೆಲ್ಲ ಆಗಲೇ ನೆಲದ ಮೇಲಿದೆ.

ಮನೆಯೊಳಗಿನ ಸಿದ್ಧತೆ

ಸಮಯ ಮತ್ತು ಕೂಲಿ ದೊರೆತರೆ ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸ ಬಹಳವಿಲ್ಲ, ಆದರೆ ಪ್ರತಿಯೊಂದೂ ತೂಕದ್ದು. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಇಎಸ್‌ಐ ಅಥವಾ ಯಶಸ್ವಿನಿ ಕಾರ್ಡುಗಳನ್ನು ನೀರು ತಾಗದ ಚೀಲದಲ್ಲಿ ಒಂದೆಡೆ ಇಡಬೇಕು, ಅವುಗಳ ಜೆರಾಕ್ಸ್ ಪ್ರತಿ ಕೆಲಸದ ಜಾಗದಲ್ಲಿಯೂ ಇರಬೇಕು. ನೆರೆಯ ಬಳಿಕ ಪರಿಹಾರಕ್ಕೆ ಅಲೆಯುವಾಗ ದೊಡ್ಡ ತೊಡಕಾಗುವುದು ಕಳೆದುಹೋದ ಕಾಗದ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರ ಮಾತ್ರೆ ಎರಡು ವಾರಕ್ಕಾಗುವಷ್ಟು ಮನೆಯಲ್ಲಿರಬೇಕು. ತುಂಬಿಟ್ಟ ನೀರಿನ ಡ್ರಮ್ಮುಗಳನ್ನು ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಬೇಕು. ಸಿಡಿಲಿನ ಹೊತ್ತಿನಲ್ಲಿ ಒಂಟಿ ಮರದಡಿ ನಿಲ್ಲಬಾರದು, ಹಸುವನ್ನೂ ಅಲ್ಲಿ ಕಟ್ಟಬಾರದು. ಹಾವು ಕಡಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟು ಹಾಕದೆ, ಮಂತ್ರ ಹಾಕಿಸಲು ಹೊತ್ತು ಕಳೆಯದೆ, ಕಡಿತಕ್ಕೊಳಗಾದವರನ್ನು ಆದಷ್ಟು ಅಲುಗಾಡಿಸದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಬಿಸಿಲಿಗೆ ಬಿದ್ದವರಿಗೆ ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಕುಡಿಸಲು ಹೋಗದೆ, ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತ 108ಕ್ಕೆ ಕರೆ ಮಾಡಬೇಕು. ಶಾಲೆಗೆ ರಜೆಯಾದ ದಿನ ಮಕ್ಕಳು ಯಾರ ಮನೆಯಲ್ಲಿ, ಹೊಳೆ ಬಂದ ರಾತ್ರಿ ರಾಸುಗಳು ಯಾವ ದಿಣ್ಣೆಯ ಮೇಲೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ತಿಳಿವಳಿಕೆ ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ, ಕೂಲಿ ಕಡಿತವಿಲ್ಲದೆ ಸಿಗುವಂತಾದರೆ ಅದು ಮನೆ ತಲುಪುತ್ತದೆ. ಡೈರಿಯ ಬಟವಾಡೆ, ಗಾರ್ಮೆಂಟ್ಸ್‌ನ ಊಟದ ವಿರಾಮ, ಸ್ತ್ರೀಶಕ್ತಿ ಸಂಘದ ವಾರದ ಸಭೆ ಇದಕ್ಕೆ ತಕ್ಕ ಸಂದರ್ಭಗಳು.

ಆಕ್ಷೇಪಗಳು

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ನಾಲ್ಕಾರು ಬೇಸಿನ್ ಇಟ್ಟುಕೊಂಡು ನೂಲು ಬಿಚ್ಚುವ ರೀಲರ್, ಎರಡು ಎಕರೆಯ ಬೆಳೆಗಾರ ತಾವೇ ಸಾಲದಲ್ಲಿರುವಾಗ ಕೆಲಸವಿಲ್ಲದ ದಿನದ ಕೂಲಿಯನ್ನು ಎಲ್ಲಿಂದ ತರಬೇಕು? ಒಬ್ಬೊಬ್ಬರೇ ಭರಿಸಬೇಕಾದರೆ ಸಾಧ್ಯವಿಲ್ಲ, ನಿಜ. ಆದರೆ ಒಬ್ಬರಿಗೆ ಭಾರವಾದುದನ್ನು ಇಡೀ ಕಸುಬು ಹೊತ್ತ ಉದಾಹರಣೆಗಳಿವೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರ ಕಾಯ್ದೆ ಕಟ್ಟಡದ ವೆಚ್ಚದ ಮೇಲೆ ಸೆಸ್ ವಿಧಿಸಿತು, ಶೇ 1ರ ಆ ಸೆಸ್‌ನಿಂದ ಕಲ್ಯಾಣ ಮಂಡಳಿಯ ನಿಧಿ ಬೆಳೆಯಿತು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಆರೋಗ್ಯ ಯೋಜನೆ ನಡುವೆ ನಿಂತು, ಮತ್ತೆ ಜಾರಿಗೆ ಬಂತು. ಎಲ್ಲ ವಹಿವಾಟೂ ಒಂದೆಡೆ ಕೂಡುವ ಗೂಡಿನ ಮಾರುಕಟ್ಟೆಯಲ್ಲಿ, ಹಾಲಿನ ಒಕ್ಕೂಟದಲ್ಲಿ ಸಣ್ಣ ಪಾಲು ತೆಗೆದಿಟ್ಟು ಋತುಮಾನದ ಕೂಲಿ ನಿಧಿ ಕಟ್ಟುವುದು ಅದೇ ದಾರಿಯ ಮುಂದಿನ ಹೆಜ್ಜೆ. ಕೂಲಿ ತಪ್ಪಿದವರು ಇಂದು ಕೈಸಾಲಕ್ಕೆ, ಮಾಲೀಕರ ಮುಂಗಡಕ್ಕೆ ಕೈಯೊಡ್ಡುತ್ತಾರೆ. ಆ ಮುಂಗಡ ತೀರದೆ ಉಳಿದು ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಖರ್ಚು ಈಗಲೂ ಇದೆ, ಅದು ಬಡ್ಡಿಯ ಲೆಕ್ಕದಲ್ಲಿ ಬರುತ್ತಿದೆ ಅಷ್ಟೇ.

ಎರಡನೆಯ ಆಕ್ಷೇಪ, ಇದು ಸರ್ಕಾರದ ಹೊಣೆ ಎಂಬುದು. ಕೋಡಿ ಬಿದ್ದ ಊರಿಗೆ ದೋಣಿ, ಕಾಳಜಿ ಕೇಂದ್ರ, ಪರಿಹಾರ ಸರ್ಕಾರದ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಚ್ಚರಿಕೆ ಬಂದ ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕೇ, ನಿಲ್ಲಬೇಕೇ ಎಂಬ ತೀರ್ಮಾನ ನಡೆಯುವುದು ದುಡಿಯುವವರು ಮತ್ತು ದುಡಿಸುವವರ ನಡುವೆ. ಅಲ್ಲಿಗೆ ಕಂದಾಯ ಇಲಾಖೆ ಬರಲಾರದು. 2024ರ ಸೆಪ್ಟೆಂಬರ್ 27ರಂದು ಅಮೆರಿಕದ ಟೆನೆಸ್ಸಿ ರಾಜ್ಯದ ಎರ್ವಿನ್‌ನಲ್ಲಿ ಚಂಡಮಾರುತದ ನೆರೆಗೆ ಒಂದು ಕಾರ್ಖಾನೆಯಲ್ಲಿ ಅಂದು ಕೆಲಸಕ್ಕೆ ಬಂದಿದ್ದ ಆರು ಮಂದಿ ಬಲಿಯಾದರು. ಮುನ್ಸೂಚನೆಯ ವ್ಯವಸ್ಥೆ ಎಷ್ಟೇ ಮುಂದುವರಿದಿದ್ದರೂ ಕೆಲಸದ ಜಾಗದ ತೀರ್ಮಾನ ತಡವಾದರೆ ಜೀವ ಹೋಗುತ್ತದೆ. ಮೂರನೆಯದು, ಕೂಲಿ ಖಾತರಿಯಾದರೆ ಜನ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾರೆ ಎಂಬ ಅನುಮಾನ. ಖಾತರಿ ಜಾರಿಗೆ ಬರುವುದು ಮಳೆಮಾಪಕದ ಅಂಕಿಯಿಂದ, ಜಿಲ್ಲಾಧಿಕಾರಿಯ ಆದೇಶದಿಂದ. ದುಡಿಯುವವರು, ದುಡಿಸುವವರು ಇಬ್ಬರಲ್ಲಿ ಯಾರ ನೆಪಕ್ಕೂ ಅಲ್ಲಿ ಜಾಗವಿಲ್ಲ. ನಾಲ್ಕನೆಯದು, ಕರಾವಳಿ ಮಲೆನಾಡುಗಳಂತೆ ಈ ಬಯಲುಸೀಮೆ ವಿಪತ್ತಿನ ನೆಲವಲ್ಲ ಎಂಬ ನಂಬಿಕೆ. 2021ರ ಮಳೆಗಾಲ ಅದನ್ನು ಅಲ್ಲಗಳೆದಿದೆ. ವರ್ಷಗಟ್ಟಲೆ ನೀರು ಬತ್ತಿಸುತ್ತ ಬರುವ ಬರ ಸದ್ದು ಮಾಡುವುದಿಲ್ಲ, ಆದರೆ ಅದು ಊರು ಬಿಡಿಸುವ ಬಲವುಳ್ಳದ್ದು.

ಮುಂದಿನ ದಾರಿ

ಈ ಸೀಮೆಯಲ್ಲಿ ಎರಡು ಗಡುವುಗಳನ್ನು ನಿಗದಿ ಮಾಡಿಕೊಂಡರೆ ಕೆಲಸ ಆರಂಭಿಸಬಹುದು. ಮೊದಲನೆಯದು ಯುಗಾದಿಗೆ ಮುಂಚೆ, ಬಿಸಿಲು, ನೀರು, ಸಿಡಿಲು, ಆಲಿಕಲ್ಲುಗಳಿಗಾಗಿ. ಎರಡನೆಯದು ಗೌರಿ ಹಬ್ಬದ ಹೊತ್ತಿಗೆ, ಹಿಂಗಾರಿನ ನೆರೆ, ಜ್ವರ, ಸುಗ್ಗಿಯ ಹಾವುಗಳಿಗಾಗಿ. ಪ್ರತಿ ಗಡುವಿನಲ್ಲಿಯೂ ಕಾರ್ಖಾನೆ, ಬಿಚ್ಚಾಣಿಕೆ ಘಟಕ, ಡೈರಿ, ತೋಟಗಳು ಕೂಲಿ ಸಹಿತ ಅರ್ಧ ದಿನವನ್ನು ಮನೆಯ ಸಿದ್ಧತೆಗೆ ಬಿಡಬೇಕು. ಯಾರ ಮನೆ ತಗ್ಗಿನಲ್ಲಿದೆ, ಯಾರ ಮನೆಯಲ್ಲಿ ಬಾಣಂತಿ, ವೃದ್ಧರು, ಅಂಗವಿಕಲರು ಇದ್ದಾರೆ ಎಂಬುದನ್ನು ಒಪ್ಪಿಗೆಯ ಮೇರೆಗೆ ಬರೆದಿಟ್ಟುಕೊಳ್ಳಬೇಕು. ಯಾವ ಎಚ್ಚರಿಕೆ ಬಂದರೆ ಪಾಳಿ ನಿಲ್ಲುತ್ತದೆ, ಆ ದಿನದ ಕೂಲಿ ಎಷ್ಟು ಎಂಬುದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಬೇಕು. ಮಳೆ ಬಂದ ಮೇಲೆ ನಡೆಯುವ ಚೌಕಾಸಿಯಲ್ಲಿ ಯಾವಾಗಲೂ ಸೋಲುವುದು ದುಡಿಯುವವರೇ ಆದ್ದರಿಂದ ಈ ಬರಹ ಮುಂಚೆಯೇ ಇರಬೇಕಾದದ್ದು. ತಾಲ್ಲೂಕು ಕೇಂದ್ರವಾಗಿ ಇನ್ನೂ ಹೊಸದಾದ ಮಂಚೇನಹಳ್ಳಿಯಲ್ಲಿ ಕಚೇರಿಗಳೂ ರೂಢಿಗಳೂ ಈಗಷ್ಟೇ ರೂಪುಗೊಳ್ಳುತ್ತಿವೆ. ತಾಲ್ಲೂಕಿನ ವಿಪತ್ತು ಯೋಜನೆಯಲ್ಲಿ ಕೆರೆ, ಸೇತುವೆ, ಶಾಲೆಗಳ ಪಟ್ಟಿಯ ಪಕ್ಕದಲ್ಲಿ ಕೆಲಸದ ಜಾಗಗಳ ಪಟ್ಟಿಯನ್ನೂ ಸೇರಿಸುವುದು ಇಲ್ಲಿ ಸುಲಭ. ಹಾಗೆ ಮಾಡಿದರೆ ಜಿಲ್ಲೆಯ ಉಳಿದ ತಾಲ್ಲೂಕುಗಳಿಗೆ ಅನುಸರಿಸಲು ಒಂದು ಮಾದರಿ ಸಿಗುತ್ತದೆ, ಮುನ್ಸೂಚನೆಗಾಗಿ ರಾಜ್ಯ ಇಷ್ಟು ವರ್ಷ ಹೂಡಿದ ಹಣ ಮತ್ತು ಜ್ಞಾನ ಕೂಲಿಯವರ ಮನೆಗೂ ತಲುಪುತ್ತದೆ.